ಹೊಸ ಪಿಕಪ್ ಟ್ರಕ್ಕಿನ ಪಳಗಿಕೆ

ಹೊಸ ಪಿಕಪ್ ಟ್ರಕ್ಕಿನ ಪಳಗಿಕೆ (ರನ್ನಿಂಗ್-ಇನ್, ಅಮೆರಿಕದ ಬಳಕೆಯಲ್ಲಿ ಬ್ರೇಕ್-ಇನ್) ಎಂದರೆ ಕಾರ್ಖಾನೆಯಿಂದ ಹೊರಬಂದ ವಾಹನದ ಉಜ್ಜಾಡುವ ಭಾಗಗಳು ಒಂದಕ್ಕೊಂದು ಹೊಂದಿಕೊಳ್ಳುವ ಆರಂಭದ ಅವಧಿ. ಇದು ವಾಹನವನ್ನು ಅವಲಂಬಿಸಿ ಕೆಲವು ನೂರು ಕಿಲೋಮೀಟರುಗಳಿಂದ ಒಂದೆರಡು ಸಾವಿರ ಕಿಲೋಮೀಟರುಗಳವರೆಗೆ ಇರುತ್ತದೆ. ಪಿಕಪ್ ಎಂಬುದು ಚಾಲಕನ ಕ್ಯಾಬಿನ್ ಹಾಗೂ ಅದರ ಹಿಂದೆ ತೆರೆದ ಸರಕುತೊಟ್ಟಿ ಇರುವ ಹಗುರ ವಾಹನವಾಗಿದ್ದು, ಅದನ್ನು ಕೊಳ್ಳುವ ಉದ್ದೇಶವೇ ಭಾರ ಸಾಗಿಸುವುದಾಗಿರುತ್ತದೆ. ಆದ್ದರಿಂದ ಕಾರಿನ ವಿಷಯದಲ್ಲಿ ಅಷ್ಟಾಗಿ ಏಳದ ಪ್ರಶ್ನೆಯೊಂದು ಇಲ್ಲಿ ಮೊದಲ ದಿನವೇ ಎದುರಾಗುತ್ತದೆ: ಹೊಸ ವಾಹನದ ಮೇಲೆ ಎಷ್ಟು ಹೊರೆ ಹಾಕಬಹುದು, ಯಾವಾಗಿನಿಂದ ಹಾಕಬಹುದು?

ಈ ಪ್ರಶ್ನೆಗೆ ಪರಸ್ಪರ ವಿರುದ್ಧವಾದ ಎರಡು ಉತ್ತರಗಳು ಪ್ರಚಲಿತದಲ್ಲಿವೆ. ಹೊಸ ಎಂಜಿನ್ನಿಗೆ ಶ್ರಮ ಕೊಡಲೇಬಾರದು ಎಂಬುದು ಒಂದು. ಮೊದಲಿನಿಂದಲೇ ಚೆನ್ನಾಗಿ ದುಡಿಸಿದರೆ ಮಾತ್ರ ಎಂಜಿನ್ ಹದಕ್ಕೆ ಬರುತ್ತದೆ ಎಂಬುದು ಇನ್ನೊಂದು. ವಾಹನದ ಬೇರೆ ಬೇರೆ ಭಾಗಗಳು ಬೇರೆ ಬೇರೆ ರೀತಿಯಲ್ಲಿ ಪಳಗುವುದರಿಂದ ಎರಡೂ ಮಾತುಗಳಲ್ಲಿ ಸತ್ಯಾಂಶವಿದೆ. ಎಂಜಿನ್ನಿನ ಪಿಸ್ಟನ್ ರಿಂಗುಗಳಿಗೆ ಮಿತವಾದ ಹೊರೆ ಅಗತ್ಯ. ಹಿಂದಿನ ಆಕ್ಸಲ್‌ನ ಗೇರುಗಳಿಗೆ ಅದೇ ಹೊರೆ ಅತಿಯಾದರೆ ಅಪಾಯ.

ಹಿನ್ನೆಲೆ

ಮೋಟಾರು ವಾಹನಗಳ ಆರಂಭದ ದಶಕಗಳಲ್ಲಿ ಲೋಹದ ಮೇಲ್ಮೈಗಳನ್ನು ಇಂದಿನಷ್ಟು ನಯವಾಗಿ ಹಾಗೂ ನಿಖರವಾಗಿ ಕಡೆಯಲು ಸಾಧ್ಯವಿರಲಿಲ್ಲ. ಎಂಜಿನ್ನಿನ ಅಂತಿಮ ಹೊಂದಾಣಿಕೆ ರಸ್ತೆಯ ಮೇಲೆ, ಮಾಲೀಕನ ಕೈಯಲ್ಲಿಯೇ ನಡೆಯಬೇಕಿತ್ತು. ಬ್ರಿಟನ್ನಿನಲ್ಲಿ ಹೊಸ ಕಾರಿನ ಹಿಂಬದಿಯ ಗಾಜಿನ ಮೇಲೆ, ವಾಹನ ಪಳಗುತ್ತಿದೆ, ದಯವಿಟ್ಟು ಮುಂದೆ ಸಾಗಿ ಎಂಬ ಅರ್ಥದ ಚೀಟಿ ಅಂಟಿಸುವ ರೂಢಿ ಬಹುಕಾಲ ಇತ್ತು. ಫೋರ್ಡ್ ಸಂಸ್ಥೆಯು 1917ರಲ್ಲಿ ಮಾಡೆಲ್ ಟಿಟಿ ಎಂಬ ಒಂದು ಟನ್ ಸಾಮರ್ಥ್ಯದ ಟ್ರಕ್ಕನ್ನೂ, 1925ರಲ್ಲಿ ಕಾರ್ಖಾನೆಯಲ್ಲಿಯೇ ಸರಕುತೊಟ್ಟಿ ಜೋಡಿಸಿದ ಮಾಡೆಲ್ ಟಿ ಪಿಕಪ್ಪನ್ನೂ ಮಾರುಕಟ್ಟೆಗೆ ತಂದಿತು. ಹೊಸ ಎಂಜಿನ್ನಿನ ನಾಜೂಕು ಹಾಗೂ ಸರಕು ಸಾಗಣೆಯ ಒತ್ತಡ ಒಂದೇ ವಾಹನದಲ್ಲಿ ಕೂಡಿದ್ದು ಅಲ್ಲಿಂದಲೇ ಎನ್ನಬಹುದು.

ಇಂದಿನ ಯಂತ್ರಗಳು ಸಿಲಿಂಡರಿನ ಒಳಗೋಡೆಯನ್ನು ಮೈಕ್ರಾನ್ ಲೆಕ್ಕದ ನಿಖರತೆಯಲ್ಲಿ ಸಿದ್ಧಪಡಿಸುತ್ತವೆ. ಇದರಿಂದ ಪಳಗಿಕೆಯ ಅವಧಿ ಬಹಳ ಮೊಟಕಾಗಿದೆಯಾದರೂ ಅದರ ಅಗತ್ಯ ಪೂರ್ತಿ ಇಲ್ಲವಾಗಿಲ್ಲ.

ಎಂಜಿನ್ನಿನ ಒಳಗೆ ನಡೆಯುವುದು

ಹೊಸ ಸಿಲಿಂಡರಿನ ಒಳಗೋಡೆ ಕನ್ನಡಿಯಂತೆ ನುಣುಪಾಗಿರುವುದಿಲ್ಲ. ಹೋನಿಂಗ್ ಎಂಬ ಕೊನೆಯ ಹಂತದ ಉಜ್ಜುವಿಕೆಯಲ್ಲಿ ಅದರ ಮೇಲೆ ಒಂದನ್ನೊಂದು ಅಡ್ಡ ಹಾಯುವ ಅತಿ ಸೂಕ್ಷ್ಮ ಗೀರುಗಳನ್ನು ಬೇಕೆಂದೇ ಮೂಡಿಸಲಾಗುತ್ತದೆ. ಈ ಗೀರುಗಳ ತಗ್ಗಿನಲ್ಲಿ ಆಯಿಲ್ ನಿಲ್ಲುತ್ತದೆ. ಅವುಗಳ ಚೂಪಾದ ಏಣುಗಳು ಪಿಸ್ಟನ್ ರಿಂಗಿನ ಅಂಚನ್ನು ಸವೆಸಿ, ತಾವೂ ಸವೆದು ಚಪ್ಪಟೆಯಾಗುತ್ತವೆ. ಕೊನೆಗೆ ರಿಂಗು ಮತ್ತು ಗೋಡೆ ಸುತ್ತಲೂ ಸಂದಿಲ್ಲದಂತೆ ಕೂಡಿಕೊಳ್ಳುತ್ತವೆ. ಇದನ್ನೇ ರಿಂಗು ಕೂರುವುದು ಎನ್ನುತ್ತಾರೆ.

ರಿಂಗನ್ನು ಗೋಡೆಗೆ ಒತ್ತುವುದು ಅದರ ಸ್ವಂತ ಸ್ಪ್ರಿಂಗ್ ಬಲ ಮಾತ್ರವೇ ಅಲ್ಲ. ದಹನದ ಅನಿಲ ಪಿಸ್ಟನ್ನಿನ ತೋಡಿನೊಳಗೆ, ರಿಂಗಿನ ಹಿಂಬದಿಗೆ ನುಗ್ಗಿ ಅದನ್ನು ಹೊರಕ್ಕೆ ತಳ್ಳುತ್ತದೆ. ಎಂಜಿನ್ ಎಷ್ಟು ಹೊರೆ ಎಳೆಯುತ್ತಿದೆಯೋ ಅಷ್ಟು ಇಂಧನ ಉರಿದು, ಅನಿಲದ ಒತ್ತಡವೂ ಅಷ್ಟು ಹೆಚ್ಚುತ್ತದೆ. ಪೂರ್ಣ ಹೊರೆಯಲ್ಲಿರುವ ಆಧುನಿಕ ಡೀಸೆಲ್ ಎಂಜಿನ್ನಿನಲ್ಲಿ ಈ ಒತ್ತಡ 150 ಬಾರ್‌ನ ಆಸುಪಾಸಿಗೆ ಅಥವಾ ಅದಕ್ಕೂ ಮೇಲಕ್ಕೆ ಹೋಗುವುದುಂಟು. ನಿಂತಲ್ಲೇ ಐಡಲ್‌ನಲ್ಲಿ ಓಡುವ ಎಂಜಿನ್ನಿನಲ್ಲಿ ಅದು ಇದರ ಒಂದು ಭಾಗ ಮಾತ್ರ. ಹೀಗಾಗಿ ತೀರ ಹಗುರವಾಗಿ ಓಡಿಸಿದ ಎಂಜಿನ್ನಿನಲ್ಲಿ ರಿಂಗುಗಳು ಗೋಡೆಯನ್ನು ಗಟ್ಟಿಯಾಗಿ ಒತ್ತದೆ ಆಯಿಲಿನ ಪದರದ ಮೇಲೆ ತೇಲಿದಂತೆ ಜಾರುತ್ತವೆ. ಅಲ್ಲಿ ಉಳಿದ ಆಯಿಲ್ ಶಾಖಕ್ಕೆ ಬೆಂದು ಅರಗಿನಂಥ ಗಟ್ಟಿ ಲೇಪವಾಗಿ ಗೀರುಗಳನ್ನು ಮುಚ್ಚಿಬಿಡುತ್ತದೆ. ಗ್ಲೇಜಿಂಗ್ ಎಂದು ಕರೆಯುವ ಈ ದೋಷ ಒಮ್ಮೆ ಬಂದರೆ ರಿಂಗು ಆಮೇಲೆ ಕೂರುವುದು ಕಷ್ಟ. ಆಯಿಲ್ ಸುಡುವುದು, ನೀಲಿ ಹೊಗೆ ಹಾಗೂ ಶಕ್ತಿಯ ಇಳಿಕೆ ಅದರ ಲಕ್ಷಣಗಳು. ಎಂಜಿನ್ ಬಿಚ್ಚಿ ಸಿಲಿಂಡರನ್ನು ಮತ್ತೆ ಹೋನ್ ಮಾಡಿಸುವುದೇ ಖಚಿತ ಪರಿಹಾರ. ಬಹುಕಾಲ ಕಡಿಮೆ ಹೊರೆಯಲ್ಲಿ ಓಡುವ ಡೀಸೆಲ್ ಜನರೇಟರುಗಳಲ್ಲಿ ಇದು ಚಿರಪರಿಚಿತ ತೊಂದರೆ.

ವಿಮಾನದ ಎಂಜಿನ್ನುಗಳ ರೂಢಿ ಇದನ್ನು ಇನ್ನೂ ಸ್ಪಷ್ಟಪಡಿಸುತ್ತದೆ. ಅಮೆರಿಕದ ಲೈಕಮಿಂಗ್ ಸಂಸ್ಥೆ ತನ್ನ ಹೊಸ ಪಿಸ್ಟನ್ ಎಂಜಿನ್ನುಗಳನ್ನು ಶೇಕಡಾ 65ರಿಂದ 75ರಷ್ಟು ಶಕ್ತಿಯಲ್ಲಿ ಹಾರಿಸಿ ಪಳಗಿಸುವಂತೆ ಹೇಳುತ್ತದೆ. ಮೊದಲ 50 ಗಂಟೆ ಅಥವಾ ಆಯಿಲ್ ಖರ್ಚು ಸ್ಥಿರವಾಗುವವರೆಗೆ ಸಾದಾ ಖನಿಜ ತೈಲ ಬಳಸಲು ಸೂಚಿಸುತ್ತದೆ. ಮೆಲ್ಲಗೆ ಹಾರಿಸಿ ಕಾಪಾಡುವ ಸಲಹೆ ಅಲ್ಲಿಲ್ಲ.

ಹಾಗೆಂದು ಅತಿ ಹೊರೆ ಹಿತವೂ ಅಲ್ಲ. ಏಣುಗಳು ಸವೆಯುವಾಗ ಆ ಬಿಂದುಗಳಲ್ಲಿ ಶಾಖ ಹುಟ್ಟುತ್ತದೆ. ಎಂಜಿನ್ ಬಿಸಿಯಾಗುವ ಮೊದಲೇ ಆಕ್ಸಿಲರೇಟರನ್ನು ಪೂರ್ತಿ ಒತ್ತಿದರೆ, ಅಥವಾ ಎತ್ತರದ ಗೇರಿನಲ್ಲಿಯೇ ಕಡಿಮೆ ವೇಗದಲ್ಲಿ ಏರು ಹತ್ತಿಸಿ ಎಂಜಿನ್ನನ್ನು ನರಳಿಸಿದರೆ, ಆಯಿಲಿನ ಪದರ ತೆಳುವಾಗಿ ಬೇರಿಂಗುಗಳೂ ಸಿಲಿಂಡರಿನ ಗೋಡೆಯೂ ಗೀಚಿಹೋಗುವ ಸಂಭವವಿದೆ. ಮಧ್ಯಮ ಹೊರೆಯನ್ನು ಸಾಕಷ್ಟು ಎಂಜಿನ್ ವೇಗದಲ್ಲಿ, ಆಗಾಗ ಏರಿಳಿಸುತ್ತ ಕೊಡುವುದು ಎರಡು ಅತಿಗಳ ನಡುವಿನ ದಾರಿ. ಆಕ್ಸಿಲರೇಟರ್ ಬಿಟ್ಟು ಗೇರಿನಲ್ಲಿಯೇ ವೇಗ ಇಳಿಯಲು ಬಿಟ್ಟಾಗ ಸಿಲಿಂಡರಿನ ಒಳಗೋಡೆಗೆ ಆಯಿಲ್ ಸೇರಿ ತಂಪಾಗುತ್ತದೆ. ಮತ್ತೆ ಒತ್ತಿದಾಗ ರಿಂಗು ಒತ್ತಿಕೊಳ್ಳುತ್ತದೆ. ಬಹುತೇಕ ಕೈಪಿಡಿಗಳು ಮೊದಲ ದಿನಗಳಲ್ಲಿ ಒಂದೇ ವೇಗದಲ್ಲಿ ಗಂಟೆಗಟ್ಟಲೆ ಓಡಿಸಬೇಡಿ ಎನ್ನುವುದು ಇದೇ ಕಾರಣಕ್ಕೆ.

ಹಿಂದಿನ ಆಕ್ಸಲ್

ಭಾರ ಹೊರುವ ಪಿಕಪ್ಪಿನಲ್ಲಿ ಪಳಗಿಕೆಯ ನಿಜವಾದ ಸೂಕ್ಷ್ಮ ಸ್ಥಳ ಎಂಜಿನ್ ಅಲ್ಲ, ಹಿಂದಿನ ಆಕ್ಸಲ್‌ನ ಡಿಫರೆನ್ಷಿಯಲ್. ಜನಸಾಮಾನ್ಯರ ಚರ್ಚೆಯಲ್ಲಿ ಇದು ಬಹುಮಟ್ಟಿಗೆ ಮರೆತೇ ಹೋಗುತ್ತದೆ.

ಹಿಂಬದಿ ಚಾಲನೆಯ ಪಿಕಪ್ಪುಗಳ ಡಿಫರೆನ್ಷಿಯಲ್‌ನಲ್ಲಿ ಸಾಮಾನ್ಯವಾಗಿ ಹೈಪಾಯ್ಡ್ ಎಂಬ ಬಗೆಯ ಗೇರುಗಳಿರುತ್ತವೆ. ಅಮೆರಿಕದ ಗ್ಲೀಸನ್ ಸಂಸ್ಥೆ ರೂಪಿಸಿದ ಈ ಗೇರು 1920ರ ದಶಕದಲ್ಲಿ ಪ್ಯಾಕಾರ್ಡ್ ಕಾರುಗಳ ಮೂಲಕ ಬಳಕೆಗೆ ಬಂತು. ಇದರಲ್ಲಿ ಚಿಕ್ಕ ಪಿನಿಯನ್‌ನ ಅಕ್ಷ ದೊಡ್ಡ ಕ್ರೌನ್ ಚಕ್ರದ ಅಕ್ಷಕ್ಕಿಂತ ಕೆಳಗಿರುತ್ತದೆ. ಹೀಗಾಗಿ ಹಲ್ಲುಗಳು ಒಂದರ ಮೇಲೊಂದು ಉರುಳುವುದರ ಜೊತೆಗೆ ಉದ್ದಕ್ಕೂ ಜಾರುತ್ತವೆ. ಜಾರುವಿಕೆಯೆಂದರೆ ಘರ್ಷಣೆ, ಘರ್ಷಣೆಯೆಂದರೆ ಶಾಖ. ಹೊಸ ಹಲ್ಲುಗಳ ಮೈ ಇನ್ನೂ ಒರಟಾಗಿರುವುದರಿಂದ ಒತ್ತಡವೆಲ್ಲ ಕೆಲವೇ ಬಿಂದುಗಳ ಮೇಲೆ ಬೀಳುತ್ತದೆ. ಒಂದಿಷ್ಟು ದೂರ ಹಗುರ ಹೊರೆಯಲ್ಲಿ ಓಡಿದ ಬಳಿಕ ಆ ಮೈ ನಯವಾಗಿ, ಒತ್ತಡ ಹಲ್ಲಿನ ಅಗಲಕ್ಕೂ ಹರಡುತ್ತದೆ. ಅದಕ್ಕೆ ಮುನ್ನವೇ ಭಾರಿ ಎಳೆತ ಕೊಟ್ಟರೆ ಆಯಿಲ್ ವಿಪರೀತ ಕಾದು ತೆಳುವಾಗುತ್ತದೆ, ಉಕ್ಕಿಗೆ ಕೊಟ್ಟ ಹದ ಕೆಡುತ್ತದೆ, ಹಲ್ಲುಗಳ ಮೇಲೆ ಗೀರು ಹಾಗೂ ಗುಳಿ ಬೀಳುತ್ತವೆ. ಆ ಹಾನಿ ಕೂಡಲೇ ತೋರುವುದಿಲ್ಲ. ಸಾವಿರಾರು ಕಿಲೋಮೀಟರುಗಳ ನಂತರ ಹಿಂಬದಿಯಿಂದ ಬರುವ ಊಳಿಡುವ ಸದ್ದಾಗಿ ಪ್ರಕಟವಾಗುತ್ತದೆ.

ಎಂಜಿನ್ನಿಗೆ ರೇಡಿಯೇಟರ್, ಆಯಿಲ್ ಪಂಪ್, ಫಿಲ್ಟರ್ ಎಲ್ಲವೂ ಇವೆ. ಸಾಮಾನ್ಯ ಪಿಕಪ್ಪಿನ ಡಿಫರೆನ್ಷಿಯಲ್‌ಗೆ ಇವುಗಳಲ್ಲಿ ಯಾವುದೂ ಇಲ್ಲ. ಕ್ರೌನ್ ಚಕ್ರವೇ ಆಯಿಲನ್ನು ಎರಚುತ್ತದೆ, ಹೊರಗಿನ ಗಾಳಿಯೇ ತಂಪು, ಸವೆದ ಲೋಹದ ಪುಡಿ ಅದೇ ಆಯಿಲಿನಲ್ಲಿ ಉಳಿಯುತ್ತದೆ.

ಹೊರುವುದು ಮತ್ತು ಎಳೆಯುವುದು

ಸರಕುತೊಟ್ಟಿಯ ಮೇಲಿನ ತೂಕ ಸ್ಪ್ರಿಂಗು, ಟೈರು ಮತ್ತು ಚಕ್ರದ ಬೇರಿಂಗುಗಳ ಮೇಲೆ ನೇರವಾಗಿ ಬೀಳುತ್ತದೆ. ಎಂಜಿನ್ ಮತ್ತು ಡಿಫರೆನ್ಷಿಯಲ್‌ನ ಗೇರುಗಳಿಗೆ ಮಾತ್ರ ತಿಳಿಯುವುದು ತೂಕವಲ್ಲ, ಆ ತೂಕವನ್ನು ಸಾಗಿಸಲು ಬೇಕಾದ ಎಳೆತ. ಈ ವ್ಯತ್ಯಾಸ ಗಮನಾರ್ಹವಾದುದು.

ಖಾಲಿ ಇದ್ದಾಗ 1,600 ಕಿಲೋ, ಪೂರ್ಣ ಹೊರೆಯಲ್ಲಿ 3,000 ಕಿಲೋ ತೂಗುವ ಕಾಲ್ಪನಿಕ ಪಿಕಪ್ಪೊಂದನ್ನು ತೆಗೆದುಕೊಳ್ಳೋಣ. ಒಳ್ಳೆಯ ಡಾಂಬರು ರಸ್ತೆಯ ಸಮತಟ್ಟಿನಲ್ಲಿ ಟೈರುಗಳ ಉರುಳು ಪ್ರತಿರೋಧ ತೂಕದ ಸುಮಾರು ಶೇಕಡಾ 1.5 ಎಂದು ಹಿಡಿದರೆ, ಪೂರ್ಣ ಹೊರೆ ಹೊತ್ತ ವಾಹನಕ್ಕೆ ಬೇಕಾದ ಎಳೆತ 45 ಕಿಲೋ ಬಲ. ಅದೇ ವಾಹನ 100 ಮೀಟರಿಗೆ 6 ಮೀಟರ್ ಏರುವ ದಾರಿ ಹತ್ತುವಾಗ ಇನ್ನೂ 180 ಕಿಲೋ ಬಲ ಸೇರಿ ಒಟ್ಟು 225 ಆಗುತ್ತದೆ, ಅಂದರೆ 5 ಪಟ್ಟು. ಖಾಲಿ ವಾಹನವೇ ಆ ಏರನ್ನು ಹತ್ತಲು 120 ಕಿಲೋ ಬಲ ಕೇಳುತ್ತದೆ. ಗಾಳಿಯ ತಡೆಯನ್ನು ಇಲ್ಲಿ ಬಿಟ್ಟಿದೆ. ನಿಧಾನ ವೇಗದಲ್ಲಿ ಅದು ಅಲ್ಪ. ಗೇರುಗಳ ದೃಷ್ಟಿಯಿಂದ ನೋಡಿದರೆ, ಪೂರ್ಣ ಹೊರೆ ಹೊತ್ತು ಬಯಲುಸೀಮೆಯ ರಸ್ತೆಯಲ್ಲಿ ಸಾವಧಾನವಾಗಿ ಸಾಗುವುದಕ್ಕಿಂತ ಖಾಲಿ ವಾಹನದಲ್ಲಿ ಘಾಟಿ ಹತ್ತುವುದೇ ಹೆಚ್ಚು ಶ್ರಮದ ಕೆಲಸ. ಮಂಗಳೂರು ಕಡೆಯಿಂದ ಶಿರಾಡಿ ಘಾಟಿಯ ಮೂಲಕ ಸಕಲೇಶಪುರಕ್ಕೆ ಹೊರೆಯೊಂದಿಗೆ ಏರುವ ಹೊಸ ಪಿಕಪ್ಪಿಗೆ ಇವೆರಡೂ ಕೂಡಿಯೇ ಬರುತ್ತವೆ.

ತಯಾರಕರ ಸೂಚನೆಗಳು

ಪಿಕಪ್ಪುಗಳಿಗೆ ದೊಡ್ಡ ಟ್ರೇಲರುಗಳನ್ನು ಕಟ್ಟಿ ಎಳೆಯುವುದು ಅಮೆರಿಕದಲ್ಲಿ ಸಾಮಾನ್ಯ. ಹೀಗಾಗಿ ಅಲ್ಲಿನ ಮಾಲೀಕರ ಕೈಪಿಡಿಗಳಲ್ಲಿ ಈ ಬಗ್ಗೆ ಖಚಿತ ಅಂಕಿಗಳಿವೆ. ಫೋರ್ಡ್ ತನ್ನ ಪಿಕಪ್ಪುಗಳಲ್ಲಿ ಮೊದಲ 1,000 ಮೈಲಿ (1,600 ಕಿ.ಮೀ.) ಟ್ರೇಲರ್ ಎಳೆಯದಂತೆ ಹೇಳುತ್ತದೆ. ಷೆವ್ರೊಲೆ ಮತ್ತು ರ‍್ಯಾಮ್ ಪಿಕಪ್ಪುಗಳಿಗೆ ಈ ಮಿತಿ 500 ಮೈಲಿ (ಸುಮಾರು 800 ಕಿ.ಮೀ.). ಅಲ್ಲಿಗೇ ಮುಗಿಯುವುದಿಲ್ಲ, ಟ್ರೇಲರ್ ಕಟ್ಟಿದ ನಂತರದ ಮೊದಲ 500 ಮೈಲಿಗಳಲ್ಲಿಯೂ ಗಂಟೆಗೆ 50 ಮೈಲಿ (80 ಕಿ.ಮೀ.) ದಾಟಬಾರದು, ಆಕ್ಸಿಲರೇಟರ್ ಪೂರ್ತಿ ಒತ್ತಿ ಹೊರಡಬಾರದು ಎಂಬ ಎರಡನೆಯ ಹಂತವಿದೆ. ವಾಹನ ಒಮ್ಮೆ ಖಾಲಿಯಾಗಿ ಪಳಗಿದರೂ ಹೊರೆಗೆ ಮತ್ತೊಮ್ಮೆ ಪಳಗಬೇಕೆಂಬ ತಿಳಿವಳಿಕೆ ಇದರ ಹಿಂದಿದೆ. ಹೊರೆ ಹೆಚ್ಚಿದಾಗ ಗೇರಿನ ಹಲ್ಲುಗಳು ಅಲ್ಪ ಪ್ರಮಾಣದಲ್ಲಿ ಬಾಗಿ, ಅವು ತಾಗುವ ಜಾಗವೇ ಸ್ವಲ್ಪ ಸರಿಯುತ್ತದೆ. ಆ ಹೊಸ ಜಾಗ ಇನ್ನೂ ನಯವಾಗಿರುವುದಿಲ್ಲ.

ರ‍್ಯಾಮ್ ಪಿಕಪ್ಪುಗಳಲ್ಲಿ ಬಳಸುವ ಕಮಿನ್ಸ್ ಟರ್ಬೊ ಡೀಸೆಲ್ ಎಂಜಿನ್ನಿನ ವಿಷಯದಲ್ಲಿ ಕೈಪಿಡಿಯ ಧಾಟಿಯೇ ಬೇರೆ. ಈ ಎಂಜಿನ್ನಿಗೆ ಪ್ರತ್ಯೇಕ ಪಳಗಿಕೆಯ ಅವಧಿ ಬೇಕಿಲ್ಲವೆಂದೂ, ಹೊರೆ ಇಲ್ಲದೆ ಅಥವಾ ಹಗುರ ಹೊರೆಯಲ್ಲಿ ಓಡಿಸಿದರೆ ಅದು ಪೂರ್ಣ ದಕ್ಷತೆಗೆ ಬರಲು ಹೆಚ್ಚು ಕಾಲ ಹಿಡಿಯುತ್ತದೆಂದೂ ಅದು ಹೇಳುತ್ತದೆ. ಹೊರೆ ಹಾಕುವ ಮುನ್ನ ಎಂಜಿನ್ ಬಿಸಿಯಾಗಲು ಬಿಡುವುದು, ದೀರ್ಘಕಾಲ ಐಡಲ್‌ನಲ್ಲಿ ಬಿಡದಿರುವುದು, ತಕ್ಕ ಗೇರು ಬಳಸುವುದು, ಭಾರ ಸಾಗಿಸುವಾಗ ಹೆದ್ದಾರಿಯಲ್ಲಿ ಆಕ್ಸಿಲರೇಟರನ್ನು ಆಗಾಗ ಬದಲಿಸುವುದು, ಇವು ಅದರ ಷರತ್ತುಗಳು. ಆದರೆ ಇದೇ ಎಂಜಿನ್ ಕೂತಿರುವ ವಾಹನದ ಹಿಂದಿನ ಆಕ್ಸಲ್‌ಗೆ 500 ಮೈಲಿಗಳ ಟ್ರೇಲರ್ ನಿಷೇಧ ಅನ್ವಯವಾಗುತ್ತದೆ. ಎಂಜಿನ್ ಸಿದ್ಧ, ಆಕ್ಸಲ್ ಸಿದ್ಧವಲ್ಲ.

ಭಾರತದಲ್ಲಿ ಪಿಕಪ್ಪು ಟ್ರೇಲರ್ ಎಳೆಯುವುದು ವಿರಳ. ಹೊರೆಯೆಲ್ಲ ತೊಟ್ಟಿಯಲ್ಲಿಯೇ ಇರುತ್ತದೆ. ಆದ್ದರಿಂದ ಅಮೆರಿಕದ ಅಂಕಿಗಳನ್ನು ಇಲ್ಲಿಗೆ ಹಾಗೆಯೇ ಅನ್ವಯಿಸಲಾಗದು. ಆಯಾ ವಾಹನದ ಕೈಪಿಡಿಯ ಮಾತೇ ಅಂತಿಮ. ಅದನ್ನು ಮೀರಿ ಹೊರೆ ಹಾಕಿ ಆದ ಹಾನಿ ವಾರಂಟಿಯ ವ್ಯಾಪ್ತಿಯಿಂದ ಹೊರಗುಳಿಯಬಹುದು.

ಇತರ ಭಾಗಗಳು

ಬ್ರೇಕ್ ಪ್ಯಾಡ್ ಮತ್ತು ಲೈನರುಗಳು ಡಿಸ್ಕ್ ಅಥವಾ ಡ್ರಮ್ಮಿನ ಮೈಗೆ ಪೂರ್ತಿ ಕೂರಲು ಕೆಲವು ನೂರು ಕಿಲೋಮೀಟರುಗಳು ಬೇಕು. ಅಲ್ಲಿಯವರೆಗೆ ಹಿಡಿತ ಸ್ವಲ್ಪ ಕಡಿಮೆ. ಚಲಿಸುವ ವಾಹನದ ಶಕ್ತಿ ತೂಕದೊಂದಿಗೆ ನೇರವಾಗಿಯೂ ವೇಗದ ವರ್ಗಕ್ಕೆ ಅನುಗುಣವಾಗಿಯೂ ಏರುವುದರಿಂದ, ಮೇಲೆ ಹೇಳಿದ ಪಿಕಪ್ ಪೂರ್ಣ ಹೊರೆಯೊಂದಿಗೆ 80 ಕಿ.ಮೀ. ವೇಗದಲ್ಲಿದ್ದಾಗ ಬ್ರೇಕುಗಳು ಅರಗಿಸಿಕೊಳ್ಳಬೇಕಾದ ಶಕ್ತಿ, ಖಾಲಿಯಾಗಿ 40 ಕಿ.ಮೀ. ವೇಗದಲ್ಲಿದ್ದಾಗಿನ ಶಕ್ತಿಯ 7 ಪಟ್ಟಿಗೂ ಹೆಚ್ಚು. ಘಾಟಿ ಇಳಿಯುವಾಗ ಕೆಳಗಿನ ಗೇರಿನಲ್ಲಿ ಎಂಜಿನ್ನಿನ ತಡೆಯನ್ನೇ ನೆಚ್ಚುವುದು ಹಳೆಯ ವಾಹನಕ್ಕೂ ಒಳ್ಳೆಯದು, ಹೊಸ ಲೈನರಿನ ವಾಹನಕ್ಕೆ ಅತ್ಯಗತ್ಯ. ಹೊಸ ಟೈರುಗಳ ಮೈ ಮೊದಲಿಗೆ ನುಣುಪಾಗಿರುವುದರಿಂದ ಮಳೆಯಲ್ಲಿ ಎಚ್ಚರ ಬೇಕು. ಲೀಫ್ ಸ್ಪ್ರಿಂಗಿನ ಪಟ್ಟಿಗಳು ಮೊದಲ ಹೊರೆಗಳಲ್ಲಿ ಒಂದರ ಮೇಲೊಂದು ಕೂತು, ಅವನ್ನು ಆಕ್ಸಲ್‌ಗೆ ಬಿಗಿದ ಯು-ಬೋಲ್ಟುಗಳು ಸಡಿಲಗೊಳ್ಳುವುದುಂಟು. ಮೊದಲ ಸರ್ವಿಸಿನಲ್ಲಿ ಅವನ್ನೂ ಚಕ್ರದ ನಟ್ಟುಗಳನ್ನೂ ನಿಗದಿತ ಬಿಗಿತಕ್ಕೆ ಪರೀಕ್ಷಿಸುವುದು ಇದಕ್ಕಾಗಿ.

ಹೊರೆಯ ಲೆಕ್ಕ

ಪಳಗಿಕೆಯ ಮಾತು ಅರ್ಥಪೂರ್ಣವಾಗಬೇಕಾದರೆ ಪೂರ್ಣ ಹೊರೆ ಎಷ್ಟೆಂಬುದು ಗೊತ್ತಿರಬೇಕು. ನೋಂದಣಿ ಪತ್ರದಲ್ಲಿ (ಆರ್‌ಸಿ) ವಾಹನದ ಖಾಲಿ ತೂಕ ಮತ್ತು ಹೊರೆ ಸಹಿತ ಗರಿಷ್ಠ ತೂಕ ನಮೂದಾಗಿರುತ್ತವೆ. ಎರಡರ ವ್ಯತ್ಯಾಸವೇ ಸಾಗಣೆ ಸಾಮರ್ಥ್ಯ. ಮೇಲಿನ ಉದಾಹರಣೆಯಲ್ಲಿ ಅದು 1,400 ಕಿಲೋ, ಅಂದರೆ 50 ಕಿಲೋದ 28 ಸಿಮೆಂಟ್ ಚೀಲಗಳು ಎಂದು ತೋರುತ್ತದೆ. ಆದರೆ ಚಾಲಕ ಮತ್ತು ಸಹಾಯಕ ಸೇರಿ 140 ಕಿಲೋ, ಆಮೇಲೆ ಕಟ್ಟಿಸಿದ ಕಬ್ಬಿಣದ ಕಟಾಂಜನ, ಟಾರ್ಪಾಲು ಹಾಗೂ ಹಗ್ಗ ಸೇರಿ 60 ಕಿಲೋ ಎಂದುಕೊಂಡರೆ ಉಳಿಯುವುದು 1,200 ಕಿಲೋ, ಚೀಲಗಳು 24. ಪಳಗಿಕೆಯ ಕಾಲದಲ್ಲಿ ಅರ್ಧ ಹೊರೆ ಎಂದರೆ 12 ಚೀಲ.

ತೊಟ್ಟಿ ತುಂಬಿದೆಯೇ ಎಂದು ಕಣ್ಣಳತೆಯಲ್ಲಿ ನೋಡುವುದು ಮೋಸಹೋಗುವ ದಾರಿ. ಒಂದು ಘನ ಮೀಟರ್ ಒಣ ಮರಳು ಸುಮಾರು 1,600 ಕಿಲೋ ತೂಗುತ್ತದೆ, ಹಸಿ ಮರಳು ಅದಕ್ಕಿಂತ ಹೆಚ್ಚು. ಹುಲ್ಲಿನ ಹೊರೆ ಕ್ಯಾಬಿನ್ನಿಗಿಂತ ಎತ್ತರವಾದರೂ ಹಗುರ. ಮರಳು ತೊಟ್ಟಿಯ ಅರ್ಧಕ್ಕೆ ಬರುವ ಮೊದಲೇ ಮಿತಿ ದಾಟೀತು. ತೂಕವನ್ನು ಹಿಂದಿನ ಆಕ್ಸಲ್‌ಗಿಂತ ಸ್ವಲ್ಪ ಮುಂದಕ್ಕೆ ಬರುವಂತೆ ಹೇರುವುದು ಕ್ರಮ. ಅದು ಹಿಂದಕ್ಕೆ ಸರಿದರೆ ಮುಂದಿನ ಚಕ್ರಗಳು ಹಗುರವಾಗಿ ಸ್ಟಿಯರಿಂಗಿನ ಹಿಡಿತ ತಪ್ಪುತ್ತದೆ. ಟ್ರೇಲರ್ ಎಳೆಯುವಲ್ಲಿ ಅದರ ತೂಕದ ಶೇಕಡಾ 10ರಿಂದ 15ರಷ್ಟು ಕೊಂಡಿಯ ಮೇಲೆ ಬೀಳುತ್ತದೆ; ಅದನ್ನೂ ಸಾಗಣೆ ಸಾಮರ್ಥ್ಯದಿಂದ ಕಳೆಯಬೇಕು.

ಭಾರತದಲ್ಲಿ ಮಿತಿ ಮೀರಿದ ಹೊರೆ 1988ರ ಮೋಟಾರು ವಾಹನ ಕಾಯಿದೆಯಡಿ ಅಪರಾಧ. 2019ರ ತಿದ್ದುಪಡಿಯ ನಂತರ ಕಾಯಿದೆಯಲ್ಲಿ ಇದಕ್ಕೆ 20,000 ರೂಪಾಯಿ ದಂಡ, ಜೊತೆಗೆ ಹೆಚ್ಚುವರಿ ಟನ್ ಒಂದಕ್ಕೆ 2,000 ರೂಪಾಯಿ ನಿಗದಿಯಾಗಿದೆ. ವಾಹನ ಪಳಗಿದ ಮೇಲೂ ಈ ಮಿತಿ ಬದಲಾಗದು. ಪಳಗಿಕೆ ಸಾಮರ್ಥ್ಯವನ್ನು ಹೆಚ್ಚಿಸುವುದಿಲ್ಲ.

ಮೊದಲ ದಿನದಿಂದಲೇ ಹೊರೆ

ಸಾಲ ಮಾಡಿ ಪಿಕಪ್ ಕೊಂಡವನಿಗೆ ಮೊದಲ ಕಂತು ಬರುವುದು ಒಂದು ತಿಂಗಳೊಳಗೆ. 1,000 ಕಿಲೋಮೀಟರ್ ಖಾಲಿ ಓಡಿಸು ಎಂಬ ಸಲಹೆ ಅವನ ಪಾಲಿಗೆ ಡೀಸೆಲ್ ಸುಟ್ಟು ಬಾಡಿಗೆ ಕಳೆದುಕೊಳ್ಳುವ ಸಲಹೆ. ಕೈಪಿಡಿ ಹೊರೆಯನ್ನು ನಿಷೇಧಿಸದಿದ್ದಲ್ಲಿ ಮೇಲಿನ ತತ್ತ್ವಗಳಿಗೆ ಹೊಂದುವ ಮಧ್ಯಮ ಕ್ರಮವೊಂದು ಸಾಧ್ಯ. ಆರಂಭದ ಬಾಡಿಗೆಗಳನ್ನು ಹತ್ತಿರದ, ಸಮತಟ್ಟಾದ ದಾರಿಗೆ ಸೀಮಿತಗೊಳಿಸಿ ಅರ್ಧ ಹೊರೆಯವರೆಗೆ ಹೇರಬಹುದು. ಸರಕು ಇಳಿಸುವ ವೇಳೆಯಲ್ಲಿ ಆಕ್ಸಲ್ ತಾನಾಗಿ ತಣಿಯುವುದರಿಂದ ಊರೊಳಗಿನ ಚಿಕ್ಕ ಸರದಿಗಳು ದೂರದ ಒಂದೇ ಪ್ರಯಾಣಕ್ಕಿಂತ ಉತ್ತಮ. ಏರು ಬಂದಾಗ ಎಂಜಿನ್ ನರಳುವ ಮುಂಚೆಯೇ ಗೇರು ಇಳಿಸಬೇಕು, ಹೊರಡುವಾಗ ಕ್ಲಚ್ಚಿನ ಮೇಲೆ ಕಾಲಿಟ್ಟು ಉಜ್ಜಾಡಿಸಬಾರದು. ಪ್ರಯಾಣದ ನಂತರ ನಾಲ್ಕೂ ಚಕ್ರಗಳ ಹಬ್ಬಿನ ಬಳಿಗೆ ಅಂಗೈ ಒಯ್ದು ನೋಡಿದರೆ, ಉಳಿದವುಗಳಿಗಿಂತ ಹೆಚ್ಚು ಬಿಸಿಯಾದ ಚಕ್ರ ಅಂಟಿಕೊಂಡ ಬ್ರೇಕಿನ ಅಥವಾ ಬೇರಿಂಗಿನ ದೋಷದ ಮುನ್ಸೂಚನೆ. ಬಹಳ ಕಾದಿರಬಹುದಾದ್ದರಿಂದ ಮುಟ್ಟದೆ ಹತ್ತಿರದಿಂದಲೇ ಅಳೆಯುವುದು ಲೇಸು. ಹೊರೆಯನ್ನು ಮೂರು ಕಾಲು ಭಾಗಕ್ಕೂ ಆಮೇಲೆ ಪೂರ್ಣಕ್ಕೂ ಏರಿಸುವುದು ಕೆಲವು ನೂರು ಕಿಲೋಮೀಟರುಗಳ ಅಂತರದಲ್ಲಿ ನಡೆಯಬೇಕು. ಮೊದಲ ಪೂರ್ಣ ಹೊರೆಯನ್ನು ಘಾಟಿಯ ದಾರಿಗೆ ಒಯ್ಯದಿರುವುದು ಈ ಕ್ರಮದಲ್ಲಿ ಬಿಡಬಾರದ ಅಂಶ.

ಆಯಿಲ್ ಬದಲಾವಣೆ

ಪಳಗಿಕೆಯಲ್ಲಿ ಸವೆದ ಲೋಹದ ಸೂಕ್ಷ್ಮ ಕಣಗಳು ಆಯಿಲಿನಲ್ಲಿ ಸೇರುತ್ತವೆ. ಡಿಫರೆನ್ಷಿಯಲ್‌ನ ಕಾಂತೀಯ ಬಿರಡೆಯ ಮೇಲೆ ಬೂದು ಬಣ್ಣದ ನುಣುಪು ಲೇಹದಂಥ ಪುಡಿ ಕಂಡರೆ ಅದು ಸಹಜ. ಬೆರಳಿಗೆ ತಾಕುವ ಚೂರುಗಳು ಕಂಡರೆ ತಪಾಸಣೆ ಅಗತ್ಯ. ಭಾರ ಸಾಗಿಸುವವರಲ್ಲಿ ಹಲವರು ಡಿಫರೆನ್ಷಿಯಲ್ ಆಯಿಲನ್ನು ಬೇಗನೆ ಒಮ್ಮೆ ಬದಲಿಸುತ್ತಾರೆ. ಫಿಲ್ಟರ್ ಇಲ್ಲದ ಭಾಗವಾದ್ದರಿಂದ ಇದು ಸಮಂಜಸವಾದ ಖರ್ಚು. ಎಂಜಿನ್ ಆಯಿಲಿನ ವಿಷಯದಲ್ಲಿ ಅವಸರ ಬೇಡ: ಕೆಲವು ತಯಾರಕರು ಕಾರ್ಖಾನೆಯಲ್ಲಿ ತುಂಬಿದ ಆಯಿಲನ್ನು ನಿಗದಿತ ಅವಧಿಯವರೆಗೆ ಉಳಿಸಿಕೊಳ್ಳುವಂತೆ ಹೇಳುತ್ತಾರೆ. ಈ ಅವಧಿಯಲ್ಲಿ ಆಯಿಲ್ ಖರ್ಚು ತುಸು ಹೆಚ್ಚಿರುವುದು ಸಾಮಾನ್ಯವಾಗಿದ್ದು, ಡಿಪ್‌ಸ್ಟಿಕ್ಕನ್ನು ಆಗಾಗ ನೋಡುತ್ತಿರಬೇಕು. ಖರ್ಚು ಇಳಿದು ಒಂದು ಮಟ್ಟದಲ್ಲಿ ನಿಂತಿತೆಂದರೆ ರಿಂಗುಗಳು ಕೂತಿವೆ ಎಂದರ್ಥ.

ವಿದ್ಯುತ್ ಪಿಕಪ್ಪುಗಳು

ರಿವಿಯನ್ ಆರ್1ಟಿ (2021), ಫೋರ್ಡ್ ಎಫ್-150 ಲೈಟ್ನಿಂಗ್ (2022) ಮುಂತಾದ ವಿದ್ಯುತ್ ಪಿಕಪ್ಪುಗಳಲ್ಲಿಯೂ, ಭಾರತದ ಟಾಟಾ ಏಸ್ ಇವಿ (2022) ಯಂಥ ಸಣ್ಣ ಸರಕು ವಾಹನಗಳಲ್ಲಿಯೂ ಪಿಸ್ಟನ್ನು, ರಿಂಗುಗಳಿಲ್ಲ. ಹೊರೆಯಿಂದ ಕೂರಬೇಕಾದ ಭಾಗವೇ ಇಲ್ಲವಾದ್ದರಿಂದ ಹೊರೆಯ ಪರವಾದ ವಾದ ಇಲ್ಲಿ ಬಿದ್ದುಹೋಗುತ್ತದೆ. ವೇಗ ತಗ್ಗಿಸುವ ಗೇರು, ಚಕ್ರದ ಬೇರಿಂಗು, ಟೈರು ಮತ್ತು ಬ್ರೇಕುಗಳು ಇವುಗಳಲ್ಲಿಯೂ ಇವೆ. ಮೋಟಾರೇ ವೇಗ ತಗ್ಗಿಸಿ ವಿದ್ಯುತ್ತನ್ನು ಬ್ಯಾಟರಿಗೆ ಮರಳಿಸುವ ವ್ಯವಸ್ಥೆಯಿರುವ ವಾಹನಗಳಲ್ಲಿ ಬ್ರೇಕ್ ಪ್ಯಾಡುಗಳ ಬಳಕೆ ಕಡಿಮೆ. ಆದ್ದರಿಂದ ಅವು ಡಿಸ್ಕಿಗೆ ಹೊಂದಿಕೊಳ್ಳಲು ಪೆಟ್ರೋಲ್ ಅಥವಾ ಡೀಸೆಲ್ ವಾಹನದಲ್ಲಿ ಹಿಡಿಯುವುದಕ್ಕಿಂತ ಹೆಚ್ಚು ದೂರ ಹಿಡಿಯಬಹುದು.